ಆಟಕ್ಕುಂಟು, ಲೆಕ್ಕಕ್ಕಿಲ್ಲ

2014ರ ಒಂದು ಭಾನುವಾರ ರಾತ್ರಿ. ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ಪ್ರಶ್ನಾವಳಿ ಇಟ್ಟುಕೊಂಡು ನಾನೂ ನನ್ನ ಹೆಂಡತಿಯೂ ಕೂತಿದ್ದೆವು. ಮಗನಿಗೆ ಆಗ ಎರಡು ವರ್ಷ ಮೂರು ತಿಂಗಳು. ಈ ದೇಶದಲ್ಲಿ ಆ ವಯಸ್ಸಿನ ಮಕ್ಕಳ ಬೆಳವಣಿಗೆ ನೋಡಲು ಹೆಲ್ತ್ ವಿಸಿಟರ್ ಎಂಬ ದಾದಿಯರಿದ್ದಾರೆ. ಅವರನ್ನು ಕಾಣುವ ಮೊದಲು ಅಪ್ಪ-ಅಮ್ಮ ಒಂದಷ್ಟು ಪ್ರಶ್ನೆಗಳಿಗೆ ಟಿಕ್ ಹಾಕಿಡಬೇಕು. ಮೆಟ್ಟಿಲು ಹತ್ತುತ್ತಾನೆಯೇ? ಹೌದು. ಎರಡು ಪದ ಸೇರಿಸಿ ಮಾತಾಡುತ್ತಾನೆಯೇ? ಒಮ್ಮೊಮ್ಮೆ. ಮುಂದಿನ ಒಂದು ಪ್ರಶ್ನೆಗೆ ಪೆನ್ನು ನಿಂತಿತು. ಮಗು ಆಟದಲ್ಲಿ ಏನನ್ನಾದರೂ ಇನ್ನೇನೋ ಎಂದು ನಟಿಸುತ್ತದೆಯೇ? ಬೊಂಬೆಗೆ ಊಟ ಮಾಡಿಸುವುದು, ಫೋನಿನಲ್ಲಿ ಮಾತಾಡಿದಂತೆ ಮಾಡುವುದು, ಇಂಥದ್ದು?

ನಮ್ಮ ಮಗನ ಆಟ ಒಂದೇ. ಮುಂದಿನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಪುಟ್ಟ ಕಾರುಗಳನ್ನು ಸಾಲಾಗಿ ಇಡುವುದು. ಯಾರಾದರೂ ಒಂದನ್ನು ಅಲ್ಲಾಡಿಸಿದರೆ ಅಳು. ಬುರ್ ಬುರ್ ಎಂದು ಓಡಿಸಿದವನಲ್ಲ. ಬೊಂಬೆಗೆ ತುತ್ತು ಕೊಟ್ಟವನಲ್ಲ. ‘ಇಲ್ಲ’ ಎಂಬ ಚೌಕದಲ್ಲಿ ಟಿಕ್ ಹಾಕಿದೆ. ಅವಳು ಏನೂ ಹೇಳದೆ ಎದ್ದು ಪಾತ್ರೆ ತೊಳೆಯಲು ಹೋದಳು.

ನಾನು ಬಿ.ಕಾಂ. ಓದಿ, ಸಿ.ಎ. ಮಾಡಿ, ಇಪ್ಪತ್ತು ವರ್ಷಗಳಿಂದ ಬೇರೆಯವರ ಲೆಕ್ಕ ನೋಡುತ್ತಿರುವವನು. ಯಾವ ಅರ್ಜಿಯಲ್ಲೂ ಯಾವ ಕಾಲಮ್ಮೂ ಸುಮ್ಮನೆ ಬಂದಿರುವುದಿಲ್ಲ ಎಂಬುದು ನಮ್ಮ ಕಸುಬು ಕಲಿಸಿದ ಪಾಠ. ಅದರ ಹಿಂದೆ ಒಂದು ಕಾನೂನೋ, ಒಂದು ಮೋಸವೋ, ಯಾರದೋ ಜಗಳವೋ ಇರುತ್ತದೆ. ಹಾಗಾದರೆ ಈ ಪ್ರಶ್ನೆಯನ್ನು ಅಲ್ಲಿ ಇಟ್ಟವರು ಯಾರು? ಮಗು ಬಾಳೆಹಣ್ಣನ್ನು ಫೋನ್ ಮಾಡಿಕೊಂಡರೆಷ್ಟು, ಬಿಟ್ಟರೆಷ್ಟು? ಮುಂದಿನ ಕೆಲವು ವರ್ಷ ರೈಲಿನಲ್ಲಿ ಲಂಡನ್ನಿಗೆ ಹೋಗಿಬರುವಾಗ ನಾನು ಓದಿದ್ದು ಹೆಚ್ಚಾಗಿ ಇದನ್ನೇ. ಆ ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳ ನಟನೆಯ ಆಟವನ್ನು ಶ್ರದ್ಧೆಯಿಂದ ಬರೆದಿಟ್ಟವರಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮುಖ್ಯರು. ಅವರು ತಮ್ಮ ಮೂವರು ಮಕ್ಕಳನ್ನೇ ದಿನದಿನವೂ ಗಮನಿಸಿದರು. ದೊಡ್ಡ ಮಗಳು ಜಾಕ್ಲಿನ್ ಒಂದು ವರ್ಷ ಮೂರು ತಿಂಗಳಿನವಳಿದ್ದಾಗ ಅಂಚಿಗೆ ಗೊಂಡೆಯಿದ್ದ ಒಂದು ಬಟ್ಟೆಯನ್ನು ಹಿಡಿದಳು. ಅದು ಅವಳ ದಿಂಬಿನಂತೆ ಕಂಡಿತು. ಬೆರಳು ಚೀಪುತ್ತಾ ಪಕ್ಕಕ್ಕೆ ಮಲಗಿ, ಕಣ್ಣು ಮಿಟುಕಿಸುತ್ತಾ ಜೋರಾಗಿ ನಕ್ಕಳು. ನಿದ್ದೆ ಬಂದಿರಲಿಲ್ಲ, ನಿದ್ದೆಯ ಆಟ ಅದು. ಇದೆಲ್ಲ 1945ರಲ್ಲಿ ಫ್ರೆಂಚ್ ಪುಸ್ತಕವಾಗಿ ಬಂತು. ಆದರೆ ಪಿಯಾಜೆ ಈ ಆಟವನ್ನು ಇನ್ನೊಬ್ಬರ ಮನಸ್ಸಿನ ಅರಿವಿಗೆ ಜೋಡಿಸಲಿಲ್ಲ. ಅವರ ಲೆಕ್ಕದಲ್ಲಿ ಎಳೆಯ ಮಗು ತನ್ನ ಕಣ್ಣಿನಿಂದಷ್ಟೇ ಲೋಕವನ್ನು ನೋಡುತ್ತದೆ. ಲೋಕವನ್ನು ತನಗೆ ಬೇಕಾದಂತೆ ಬಗ್ಗಿಸಿಕೊಳ್ಳುವುದೇ ಆಟ.

ಅದೇ ಕಾಲದಲ್ಲಿ ರಷ್ಯಾದ ಲೆವ್ ವಿಗೋತ್ಸ್ಕಿ ಬೇರೆ ದಾರಿ ಹಿಡಿದಿದ್ದರು. 1933ರಲ್ಲಿ ಲೆನಿನ್‌ಗ್ರಾಡಿನಲ್ಲಿ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಮರುವರ್ಷ, 37ನೇ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಆ ಉಪನ್ಯಾಸ ರಷ್ಯನ್ನಿನಲ್ಲಿ ಅಚ್ಚಾದದ್ದು 1966ರಲ್ಲಿ. ಅದರಲ್ಲಿ ಅವರು ಎತ್ತಿಕೊಂಡ ಒಂದು ಉದಾಹರಣೆ ನನಗೆ ತುಂಬ ಹಿಡಿಸಿತು. ಐದು ಮತ್ತು ಏಳು ವರ್ಷದ ಇಬ್ಬರು ಅಕ್ಕತಂಗಿಯರು ‘ಅಕ್ಕತಂಗಿ ಆಟ’ ಆಡುತ್ತಾರೆ. ನಿಜವಾಗಿ ಅಕ್ಕತಂಗಿಯರೇ ಆದವರಿಗೆ ಅದರಲ್ಲೇನು ಆಟ? ದಿನನಿತ್ಯ ಅಕ್ಕನಾಗಿ ಇರುವವಳು ಅಕ್ಕ ಎಂದರೆ ಏನೆಂದು ಯೋಚಿಸುವುದಿಲ್ಲ. ಅಕ್ಕನ ಪಾತ್ರ ಮಾಡಿದಾಗ ಯೋಚಿಸಲೇಬೇಕು: ಅಕ್ಕ ಹೇಗೆ ನಡೆದುಕೊಳ್ಳುತ್ತಾಳೆ, ತಂಗಿಯ ಕೈ ಯಾವಾಗ ಹಿಡಿಯುತ್ತಾಳೆ ಎಂದು. ಆಟ ಎಂದರೆ ಮನಸ್ಸು ಬಂದಂತೆ ಕುಣಿಯುವುದಲ್ಲ, ಕಾಣದ ನಿಯಮವನ್ನು ಕಂಡುಕೊಳ್ಳುವುದು ಎಂದರು ವಿಗೋತ್ಸ್ಕಿ.

ಇನ್ನೊಬ್ಬರ ಮನಸ್ಸು ಎಂಬ ವಿಷಯ ಮಾತ್ರ ಮಕ್ಕಳ ಕಡೆಯಿಂದ ಬರಲಿಲ್ಲ, ಒಂದು ಚಿಂಪಾಂಜಿಯ ಕಡೆಯಿಂದ ಬಂತು. 1978ರಲ್ಲಿ ಅಮೆರಿಕದ ಡೇವಿಡ್ ಪ್ರಿಮ್ಯಾಕ್ ಮತ್ತು ಗೈ ವುಡ್ರಫ್ ಸಾರಾ ಎಂಬ ಚಿಂಪಾಂಜಿಗೆ ಚಿಕ್ಕ ಚಿಕ್ಕ ವಿಡಿಯೋಗಳನ್ನು ತೋರಿಸಿದರು. ಒಬ್ಬ ಮನುಷ್ಯ ಕೈಗೆಟುಕದ ಬಾಳೆಹಣ್ಣಿಗಾಗಿ ಒದ್ದಾಡುತ್ತಿದ್ದಾನೆ. ಆಮೇಲೆ ಕೊಟ್ಟ ಫೋಟೋಗಳಲ್ಲಿ ಅವನ ಕಷ್ಟಕ್ಕೆ ಪರಿಹಾರವಾದದ್ದನ್ನು ಸಾರಾ ಬಹಳ ಸಲ ಸರಿಯಾಗಿ ಆರಿಸಿತು. ಹಾಗಾದರೆ ಅವನಿಗೆ ಏನು ಬೇಕು ಎಂಬುದು ಚಿಂಪಾಂಜಿಗೆ ಗೊತ್ತೇ? ಇನ್ನೊಬ್ಬರಿಗೂ ಆಸೆ, ನಂಬಿಕೆಗಳಿವೆ ಎಂಬ ಈ ತಿಳಿವಳಿಕೆಗೆ ಅವರು ‘ಥಿಯರಿ ಆಫ್ ಮೈಂಡ್’ ಎಂದು ಹೆಸರಿಟ್ಟರು. ತತ್ತ್ವಶಾಸ್ತ್ರದವರು ಕೂಡಲೇ ಆಕ್ಷೇಪ ಎತ್ತಿದರು. ಇದು ಸಾಲದು, ಸಾರಾ ತನಗೆ ಗೊತ್ತಿದ್ದದ್ದನ್ನೇ ಆರಿಸಿರಬಹುದು. ನಿಜವಾದ ಪರೀಕ್ಷೆಯಾಗಬೇಕಾದರೆ ಇನ್ನೊಬ್ಬನ ತಲೆಯಲ್ಲಿ ಇರುವುದು ತಪ್ಪು ನಂಬಿಕೆಯಾಗಿರಬೇಕು. ಅದು ತಪ್ಪೆಂದು ನೋಡುವವರಿಗೆ ಗೊತ್ತಿರಬೇಕು.

ಆ ಪರೀಕ್ಷೆಯನ್ನು ಕಟ್ಟಿದವರು ಆಸ್ಟ್ರಿಯಾದ ಸಾಲ್ಜ್‌ಬರ್ಗಿನ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್, 1983ರಲ್ಲಿ. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅಮ್ಮ ಕೇಕಿಗೆ ಸ್ವಲ್ಪ ತೆಗೆದುಕೊಂಡು ಉಳಿದದ್ದನ್ನು ಬೇರೆ ಕಪಾಟಿನಲ್ಲಿಡುತ್ತಾಳೆ. ಮ್ಯಾಕ್ಸಿ ಬಂದು ಎಲ್ಲಿ ಹುಡುಕುತ್ತಾನೆ? ಮೂರರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಚಾಕೊಲೇಟ್ ಈಗ ಎಲ್ಲಿದೆಯೋ ಅಲ್ಲೇ ಎಂದರು. ನಾಲ್ಕರಿಂದ ಆರರವರಲ್ಲಿ 57 ಶೇಕಡಾ, ಆರರಿಂದ ಒಂಬತ್ತರವರಲ್ಲಿ 86 ಶೇಕಡಾ ಸರಿ ಹೇಳಿದರು.

ಇದನ್ನು ಓದಿದಾಗ ನನಗೆ ಬ್ಯಾಂಕ್ ರಿಕನ್ಸಿಲಿಯೇಷನ್ ನೆನಪಾಯಿತು. ನಮ್ಮ ಕ್ಯಾಶ್ ಬುಕ್ಕಿನಲ್ಲಿ ಒಂದು ಮೊತ್ತ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ನಾವು ಕೊಟ್ಟ ಚೆಕ್ಕು ಬ್ಯಾಂಕಿಗೆ ಇನ್ನೂ ತಲುಪಿಲ್ಲ, ಅಷ್ಟೆ. ಮ್ಯಾಕ್ಸಿಯ ಪುಸ್ತಕಕ್ಕೆ ಅಮ್ಮನ ಎಂಟ್ರಿ ಬಿದ್ದಿಲ್ಲ. ಮೂರು ವರ್ಷದ ಮಗುವಿಗೆ ಲೋಕದಲ್ಲಿರುವುದು ಒಂದೇ ಪುಸ್ತಕ. ನಾಲ್ಕು ದಾಟಿದ ಮೇಲೆ ತಿಳಿಯುತ್ತದೆ: ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಪುಸ್ತಕವಿದೆ, ಅವು ತಾಳೆಯಾಗದೆಯೂ ಇರಬಹುದು ಎಂದು.

ಇಷ್ಟು ಹೊತ್ತಿಗೆ ಲಂಡನ್ನಿನಲ್ಲಿ ಇನ್ನೊಂದು ಎಳೆ ಸಿದ್ಧವಾಗಿತ್ತು. ಮನೋವೈದ್ಯೆ ಲಾರ್ನಾ ವಿಂಗ್ ಅವರ ಮಗಳಿಗೆ ಆಟಿಸಂ ಇತ್ತು. ಅವರು ಜೂಡಿತ್ ಗೂಲ್ಡ್ ಜೊತೆ ಕ್ಯಾಂಬರ್‌ವೆಲ್ ಭಾಗದ ಮಕ್ಕಳನ್ನು ಸಮೀಕ್ಷೆ ಮಾಡಿ 1979ರಲ್ಲಿ ಒಂದು ವರದಿ ಕೊಟ್ಟರು. ಬೆರೆಯುವುದರಲ್ಲಿ ತೊಡಕು, ಸಂವಹನದಲ್ಲಿ ತೊಡಕು, ಕಲ್ಪನೆಯ ಆಟದಲ್ಲಿ ತೊಡಕು: ಈ ಮೂರೂ ಒಟ್ಟೊಟ್ಟಿಗೆ ಕಾಣುತ್ತವೆ ಎಂದರು. ಮೊದಲೆರಡು ಜೊತೆಯಾಗಿರುವುದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಆಟಕ್ಕೂ ಅವಕ್ಕೂ ಏನು ಸಂಬಂಧ?

1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್ ಎಂಬ ಯುವ ಸಂಶೋಧಕ, ಅವರ ಗುರು ಊಟಾ ಫ್ರಿತ್, ಮತ್ತು ಅಲನ್ ಲೆಸ್ಲಿ ಸೇರಿ ಮ್ಯಾಕ್ಸಿಯ ಕಥೆಯನ್ನು ಎರಡು ಬೊಂಬೆಗಳಿಗೆ ಇಳಿಸಿದರು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋಗುತ್ತಾಳೆ. ಆ್ಯನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ. ಸ್ಯಾಲಿ ಬಂದು ಎಲ್ಲಿ ನೋಡುತ್ತಾಳೆ? ಸಾಮಾನ್ಯ ಬೆಳವಣಿಗೆಯ 27 ಪುಟ್ಟ ಮಕ್ಕಳಲ್ಲಿ 23 ಮಂದಿ, ಡೌನ್ ಸಿಂಡ್ರೋಮಿನ 14ರಲ್ಲಿ 12 ಮಂದಿ ಬುಟ್ಟಿ ಎಂದರು. ಆಟಿಸಂ ಇದ್ದ, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ 20 ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆ ತೋರಿಸಿದರು. ಮನೋವಿಜ್ಞಾನದಲ್ಲಿ ಇಷ್ಟು ಪ್ರಸಿದ್ಧವಾದ ಪ್ರಯೋಗ ಕಡಿಮೆ.

ಆಟಕ್ಕೂ ಇದಕ್ಕೂ ಗಂಟು ಹಾಕಿದ್ದು ಎರಡು ವರ್ಷದ ನಂತರ ಬಂದ ಲೆಸ್ಲಿಯವರ ಲೇಖನ. ಅದರಲ್ಲೇ ನಮ್ಮ ಬಾಳೆಹಣ್ಣು ಬರುವುದು. ತಾಯಿ ಬಾಳೆಹಣ್ಣನ್ನು ಕಿವಿಗಿಟ್ಟು ಹಲೋ ಎನ್ನುತ್ತಾಳೆ. ಇದು ಏನು, ಅದು ಏನು ಎಂದು ಇನ್ನೂ ಕಲಿಯುತ್ತಿರುವ ಎರಡು ವರ್ಷದ ಮಗು, ಓಹೋ ಫೋನ್ ಎಂದರೆ ಹಳದಿ, ಸುಲಿದರೆ ಸಿಹಿ ಎಂದು ಗೊಂದಲಕ್ಕೆ ಬೀಳಬೇಕಲ್ಲ? ಬೀಳುವುದಿಲ್ಲ, ನಗುತ್ತದೆ. ಅಂದರೆ ಮಗು ‘ಬಾಳೆಹಣ್ಣೇ ಫೋನ್’ ಎಂಬುದನ್ನು ನಿಜದ ಖಾತೆಗೆ ಸೇರಿಸದೆ ಬೇರೆಯಾಗಿ ಬರೆದಿಡುತ್ತದೆ. ಆ ಬರಹಕ್ಕೆ ‘ಅಮ್ಮನ ನಟನೆ’ ಎಂಬ ಚೀಟಿ ಅಂಟಿಸುತ್ತದೆ. ‘ಅಮ್ಮ ಹೀಗೆ ನಟಿಸುತ್ತಿದ್ದಾಳೆ’ ಎಂಬುದಕ್ಕೂ ‘ಸ್ಯಾಲಿ ಹೀಗೆ ನಂಬಿದ್ದಾಳೆ’ ಎಂಬುದಕ್ಕೂ ಕಟ್ಟಡ ಒಂದೇ. ಎರಡಕ್ಕೂ ಬೇಕಾದದ್ದು ಮನಸ್ಸಿನ ಒಂದೇ ಶಕ್ತಿ ಎಂದರು ಲೆಸ್ಲಿ.

ಇದನ್ನು ಹೇಳಲು ಇಂಗ್ಲಿಷಿನಲ್ಲಿ ಅವರಿಗೆ ಉದ್ದುದ್ದದ ಪದಗಳು ಬೇಕಾದವು. ತಿಪಟೂರಿನ ನಮ್ಮ ಕೇರಿಯ ಮಕ್ಕಳ ಬಾಯಲ್ಲಿ ಅದಕ್ಕೊಂದು ಮಾತಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡಲಾಗದ ಚಿಕ್ಕವರನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಹೇಳುತ್ತಿದ್ದ ಮಾತು ಅದು. ಅಡುಗೆ ಆಟದ ಅನ್ನವೂ ಹಾಗೆಯೇ. ತೆಂಗಿನ ಚಿಪ್ಪಿನಲ್ಲಿ ಮಣ್ಣು ಕಲಸಿ ನಮ್ಮಕ್ಕ ಎಲ್ಲರಿಗೂ ಅನ್ನ ಬಡಿಸುತ್ತಿದ್ದಳು. ಉಣ್ಣದಿದ್ದರೆ ಬೈಗುಳ. ನಿಜವಾಗಿ ಬಾಯಿಗಿಟ್ಟುಕೊಂಡರೆ ಬೆನ್ನಿಗೆ ಗುದ್ದು. ಅದು ಅನ್ನವೂ ಹೌದು, ಮಣ್ಣೂ ಹೌದು ಎಂಬ ಎರಡು ಲೆಕ್ಕವನ್ನು ನಾವ್ಯಾರೂ ತಪ್ಪಿಸಿದ್ದಿಲ್ಲ.

ಪ್ರಶ್ನೆ ಅರ್ಜಿಯೊಳಕ್ಕೆ ನುಗ್ಗಿದ್ದು ಇಲ್ಲಿಂದ. 1992ರಲ್ಲಿ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಹದಿನೆಂಟು ತಿಂಗಳ ಮಕ್ಕಳಿಗಾಗಿ ಒಂದು ಚಿಕ್ಕ ಪಟ್ಟಿ ಮಾಡಿದರು. ಬೆರಳು ತೋರಿಸುತ್ತದೆಯೇ, ನೀವು ನೋಡಿದ ಕಡೆ ನೋಡುತ್ತದೆಯೇ, ನಟನೆಯ ಆಟ ಆಡುತ್ತದೆಯೇ ಎಂಬುವು ಅದರ ಮುಖ್ಯ ಅಂಶಗಳು. ಮೊದಲ ಸಲ 50 ಸಾಮಾನ್ಯ ಮಕ್ಕಳನ್ನೂ, ಮನೆಯಲ್ಲಿ ಈಗಾಗಲೇ ಆಟಿಸಂ ಇದ್ದ ಅಕ್ಕ-ಅಣ್ಣಂದಿರಿರುವ 41 ಮಕ್ಕಳನ್ನೂ ನೋಡಿದರು. ಮುಖ್ಯ ಅಂಶಗಳಲ್ಲಿ ಎರಡು ಅಥವಾ ಹೆಚ್ಚು ಇಲ್ಲದ ನಾಲ್ವರಿಗೂ ಮುಂದೆ ಆಟಿಸಂ ಎಂದೇ ತಿಳಿಯಿತು. ಆಮೇಲೆ ಸುಮಾರು 16,000 ಮಕ್ಕಳ ಮೇಲೆ ಪ್ರಯೋಗಿಸಿದರು. ಆರು ವರ್ಷ ಬಿಟ್ಟು, 2000ದಲ್ಲಿ ಲೆಕ್ಕ ಹಾಕಿದಾಗ, ಪಟ್ಟಿ ಸುಮ್ಮನೆ ಹೆದರಿಸಿದ್ದು ಕಡಿಮೆ, ಆದರೆ ಮುಂದೆ ಆಟಿಸಂ ಎಂದು ತಿಳಿದ ಮಕ್ಕಳಲ್ಲಿ ಅದು ಹಿಡಿದದ್ದು 38 ಶೇಕಡಾ ಮಾತ್ರ. ಲೆಕ್ಕಪರಿಶೋಧಕನಾಗಿ ನಾನು ಗಮನಿಸಿದ್ದು ಇದನ್ನು: ಆ ಪ್ರಶ್ನೆ ಒಂದು ಗುರುತು ಅಷ್ಟೇ, ತೀರ್ಪಲ್ಲ.

ತಂದೆಯಾಗಿ ನಾನು ಓದಿಕೊಂಡದ್ದು ಮಾತ್ರ ಬೇರೆ. ನಟನೆಯ ಆಟದಿಂದಲೇ ಇನ್ನೊಬ್ಬರ ಮನಸ್ಸು ತಿಳಿಯುವುದಾದರೆ, ಆಟ ಕಲಿಸಿದರೆ ಮನಸ್ಸೂ ಬಂದೀತು! ದಿನಾ ಸಂಜೆ ಆಫೀಸಿನಿಂದ ಬಂದು, ಟೈ ಬಿಚ್ಚುವ ಮೊದಲೇ ಆಟಿಕೆಯ ಕಪ್ಪು-ಬಸಿಗಳನ್ನು ಹರಡುತ್ತಿದ್ದೆ. ಖಾಲಿ ಕಪ್ಪಿನಲ್ಲಿ ಕಾಫಿ ಹೀರಿ ‘ಆಹಾ’ ಎನ್ನುತ್ತಿದ್ದೆ. ಅವನು ಕಪ್ಪಿನೊಳಗೆ ಇಣುಕಿ, ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಪಕ್ಕಕ್ಕಿಡುತ್ತಿದ್ದ. ಬಾಳೆಹಣ್ಣನ್ನು ಕಿವಿಗಿಟ್ಟು ‘ಹಲೋ ಅಜ್ಜೀ’ ಎಂದರೆ, ನನ್ನ ಕೈಯಿಂದ ಕಿತ್ತುಕೊಂಡು ಸುಲಿದು ತಿನ್ನುತ್ತಿದ್ದ. ಮಾತು ಬೇಗ ಬರಲಿ ಎಂದು ಯಾರೋ ಕೊಟ್ಟ ಸಲಹೆ ಕೇಳಿ ಮನೆಯಲ್ಲಿ ಕನ್ನಡವನ್ನೂ ನಿಲ್ಲಿಸಿದ್ದೆವು. ಆಫೀಸಿನ ಇಂಗ್ಲಿಷಿನಲ್ಲಿ ಮಗುವನ್ನು ಮುದ್ದು ಮಾಡುವುದು ಹೇಗೆಂದು ನಮ್ಮಿಬ್ಬರಿಗೂ ತಿಳಿಯದೆ ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು.

ಚರಿತ್ರೆ ಲೆಸ್ಲಿಯವರಲ್ಲಿಗೆ ನಿಂತಿರಲಿಲ್ಲ. ಎರಡು ವರ್ಷಕ್ಕೇ ನಟನೆ ಅರ್ಥವಾಗುವ ಮಗು ಸ್ಯಾಲಿಯ ಪ್ರಶ್ನೆಗೆ ನಾಲ್ಕು ವರ್ಷದವರೆಗೆ ಏಕೆ ಎಡವುತ್ತದೆ ಎಂಬ ಆಕ್ಷೇಪ ಬಂತು. 1993ರಲ್ಲಿ ಆ್ಯಂಜೆಲಿನ್ ಲಿಲರ್ಡ್ ಮಕ್ಕಳಿಗೆ ಮೋ ಎಂಬ ಬೊಂಬೆಯನ್ನು ತೋರಿಸಿದರು. ಮೋ ಬೇರೆ ನಾಡಿನವನು, ಕಾಂಗರೂ ಎಂದರೆ ಏನೆಂದೇ ಅವನಿಗೆ ಗೊತ್ತಿಲ್ಲ. ಆದರೆ ಕಾಂಗರೂವಿನಂತೆ ಕುಪ್ಪಳಿಸುತ್ತಿದ್ದಾನೆ. ಅವನು ಕಾಂಗರೂ ಆಟ ಆಡುತ್ತಿದ್ದಾನೆಯೇ? ನಾಲ್ಕು ವರ್ಷದ ಹೆಚ್ಚಿನ ಮಕ್ಕಳು ಹೌದು ಎಂದರು. ಹಾಗಾದರೆ ಮಕ್ಕಳಿಗೆ ನಟನೆ ಎಂದರೆ ಮೈಯ ಕೆಲಸ, ಒಳಗಿನ ಮನಸ್ಸಿನ ಕೆಲಸವಲ್ಲ.

ಬೇರೆ ದಾರಿಗಳೂ ಕಂಡವು. ಒಡಹುಟ್ಟಿದವರಿರುವ ಮಕ್ಕಳು ತಪ್ಪು ನಂಬಿಕೆಯ ಪರೀಕ್ಷೆಯನ್ನು ಬೇಗ ದಾಟುತ್ತಾರೆ ಎಂದು ಪೆರ್ನರ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಮರುವರ್ಷ ಆಸ್ಟ್ರೇಲಿಯಾದ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕಲ್ ಸೀಗಲ್ ಕಿವುಡ ಮಕ್ಕಳನ್ನು ನೋಡಿದರು. ಸನ್ನೆ ಭಾಷೆ ಬಾರದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಬಹಳ ಮಂದಿ ಎಂಟು, ಹತ್ತು ವರ್ಷವಾದರೂ ಸ್ಯಾಲಿಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರು. ತಂದೆತಾಯಿಯರೂ ಸನ್ನೆಯಲ್ಲೇ ಮಾತಾಡುವ ಮನೆಯ ಕಿವುಡ ಮಕ್ಕಳಿಗೆ ಆ ತೊಂದರೆ ಇಲ್ಲವೆಂದು ಮುಂದಿನ ಸಂಶೋಧನೆಗಳು ಹೇಳಿದವು. ಕೊರತೆಯಾದದ್ದು ಮಗುವಿನ ತಲೆಯಲ್ಲಲ್ಲ, ಮನೆಯ ಮಾತುಕತೆಯಲ್ಲಿ. ಆ ಸಂಶೋಧನೆ ಕನ್ನಡದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೂ ಅದನ್ನು ಓದಿದ ಸಂಜೆ ಮನೆಗೆ ಬಂದು ಮಗನನ್ನು ‘ಬಾರೋ ರಾಜ’ ಎಂದು ಕರೆದೆ.

ಕೊನೆಗೆ 2013ರಲ್ಲಿ ಅದೇ ಲಿಲರ್ಡ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ತಪಾಸಣೆ ಮಾಡಿದರು. ಅದು ನಿಜವಾದ ಆಡಿಟ್. ಮೂರು ಸಾಧ್ಯತೆ ಇಟ್ಟುಕೊಂಡು ನೋಡಿದರು. ನಟನೆಯ ಆಟ ಬೆಳವಣಿಗೆಗೆ ಬೇಕೇಬೇಕು ಎಂಬುದು ಒಂದು. ಅದು ಹಲವು ದಾರಿಗಳಲ್ಲಿ ಒಂದು ದಾರಿ ಎಂಬುದು ಎರಡು. ಬೇರೆ ಏನೋ ಬೆಳೆಯುವಾಗ ಜೊತೆಗೆ ಕಾಣಿಸಿಕೊಳ್ಳುವಂಥದ್ದು ಮಾತ್ರ ಎಂಬುದು ಮೂರು. ಮೊದಲನೆಯದನ್ನು ಒಪ್ಪುವಷ್ಟು ಪುರಾವೆ ಇಲ್ಲವೆಂದು ಬರೆದರು. ಎಷ್ಟೋ ಪ್ರಯೋಗಗಳಲ್ಲಿ ಯಾವ ಮಗುವಿಗೆ ಆಟ ಕಲಿಸಲಾಗಿದೆ ಎಂಬುದು ಅಂಕ ಹಾಕುವವರಿಗೇ ಗೊತ್ತಿತ್ತು. ನಮ್ಮಲ್ಲಿ ಕ್ಯಾಷಿಯರ್ ತನ್ನ ಗಲ್ಲಾಪೆಟ್ಟಿಗೆಯನ್ನು ತಾನೇ ಎಣಿಸಿ ಸಹಿ ಹಾಕಿದರೆ ಒಪ್ಪುತ್ತೇವೆಯೇ? ಆಟ ಮತ್ತು ಮನಸ್ಸಿನ ಅರಿವು ನೆಂಟರು ಎಂಬುದು ನಿಜ. ಒಂದು ಇನ್ನೊಂದರ ತಾಯಿ ಎಂಬುದು ಸಾಬೀತಾಗಿಲ್ಲ. ನಾನು ಕಪ್ಪು-ಬಸಿಗಳನ್ನು ಎತ್ತಿಟ್ಟೆ.

ಅದೇ ಸುಮಾರಿಗೆ ನಮ್ಮಮ್ಮ ಆರು ತಿಂಗಳ ವೀಸಾದಲ್ಲಿ ತಿಪಟೂರಿನಿಂದ ಬಂದರು. ಚಳಿಗಾಲ. ಹೊರಗೆ ಹೋಗುವಂತಿಲ್ಲ, ಟಿವಿಯ ಮಾತು ತಿಳಿಯುವುದಿಲ್ಲ. ದಿನವಿಡೀ ಶಾಲು ಹೊದ್ದು ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕೂರುತ್ತಿದ್ದರು. ಮೊಮ್ಮಗ ಪಕ್ಕದಲ್ಲೇ ಕಾರು ಜೋಡಿಸುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಸಂಜೆ ನಾನು ಬಾಗಿಲಲ್ಲಿ ಶೂ ಬಿಚ್ಚುತ್ತಿರುವಾಗಲೇ ಅಮ್ಮ ಕೇಳಿದರು:

‘ಯಾಕೋ, ಇವನಿಗೆ ಆಟ ಬರಲ್ಲ ಅಂತೀಯಲ್ಲ, ಇದೇನು ಮತ್ತೆ?’

‘ಸುಮ್ನೆ ಸಾಲಾಗಿ ಇಡ್ತಾನಮ್ಮ.’

‘ಸುಮ್ನೆ ಅಲ್ಲ. ಅದು ನಿಮ್ಮ ಬೀದಿ ಕಣೋ. ಎದುರುಮನೆಯವರ ನೀಲಿ ಕಾರು ಹೋದ್ರೆ ಇಲ್ಲಿಂದ ನೀಲಿ ಕಾರು ತೆಗೀತಾನೆ. ಬಂದ್ರೆ ಇಡ್ತಾನೆ. ಇದು ನಿನ್ನದು ನೋಡು, ಈಗ ತಾನೆ ಇಟ್ಟ.’

ಸಾಲಿನ ಕೊನೆಯಲ್ಲಿ ಒಂದು ಬೂದು ಬಣ್ಣದ ಕಾರಿತ್ತು. ಹೊರಗೆ, ಬೀದಿಯ ಕೊನೆಯಲ್ಲಿ, ಜಾಗ ಸಿಕ್ಕಲ್ಲಿ ನಾನು ನಿಲ್ಲಿಸಿ ಬಂದಿದ್ದ ಕಾರೂ ಬೂದು ಬಣ್ಣದ್ದೇ. ನಾವು ಕಾರು ಅಲ್ಲಾಡಿಸಿದಾಗ ಅವನು ಏಕೆ ಅಳುತ್ತಿದ್ದ ಎಂಬುದು ಆಗ ತಿಳಿಯಿತು. ಅವನ ಪುಸ್ತಕದಲ್ಲಿ ನಾವು ತಪ್ಪು ಎಂಟ್ರಿ ಹಾಕುತ್ತಿದ್ದೆವು.

ಇದು ಲೆಸ್ಲಿ ಹೇಳಿದ ನಟನೆಯ ಆಟವೇ ಎಂದು ಕೇಳಿದರೆ ತಜ್ಞರು ಒಪ್ಪಲಿಕ್ಕಿಲ್ಲ. ಆಟಿಸಂ ಎಂಬ ತಪಾಸಣೆಯ ಫಲಿತಾಂಶ ನಾಲ್ಕನೇ ವರ್ಷಕ್ಕೆ ಬಂತು. ಅದು ಸರಿಯಾಗಿಯೇ ಇತ್ತು. ಅಜ್ಜಿ ಬಂದು ಎಲ್ಲ ಸರಿಹೋಯಿತೆಂದು ನಾನು ಬರೆಯುತ್ತಿಲ್ಲ. ಒಂದೇ ಒಂದು ವೋಚರ್ ನೋಡಿ ಇಡೀ ಲೆಕ್ಕಕ್ಕೆ ಸಹಿ ಹಾಕುವವನೂ ನಾನಲ್ಲ. ಆದರೆ ಪುಟ್ಟ ಕಾರೊಂದು ಅಪ್ಪನ ಕಾರಿಗೆ ಬದಲಾಗಿ ನಿಂತಿತ್ತು, ಅದನ್ನು ಒಂದೂವರೆ ವರ್ಷ ನಾನು ಕಂಡಿರಲಿಲ್ಲ.

ಈ ಚರಿತ್ರೆಯಲ್ಲಿ ಇತ್ತೀಚಿನ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ವಿದ್ವಾಂಸರು ಒಂದು ಲೇಖನ ಬರೆದರು. ಅವರಿಗೂ ಆಟಿಸಂ ಇದೆ. ಆಟಿಸಂ ಇದ್ದವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಎಂದು ದಶಕಗಳಿಂದ ಹೇಳುತ್ತಾ ಬಂದಿದ್ದೀರಿ. ನಿಮಗೆ ನಮ್ಮ ಮನಸ್ಸು ಎಷ್ಟು ತಿಳಿಯುತ್ತದೆ ಎಂಬುದು ಅವರ ಪ್ರಶ್ನೆ. ತಿಳಿಯದಿರುವುದು ಎರಡೂ ಕಡೆಗೆ ಸೇರಿದ್ದು, ಒಬ್ಬರ ತಲೆಗೆ ಕಟ್ಟುವಂಥದ್ದಲ್ಲ ಎಂದರು. ಎರಡು ಪುಸ್ತಕ ತಾಳೆಯಾಗದಿದ್ದರೆ ತಪ್ಪು ಬ್ಯಾಂಕಿನದೇ ಎಂದು ಮೊದಲೇ ತೀರ್ಮಾನಿಸಿ ಕೂರುವ ಗುಮಾಸ್ತನನ್ನು ನಾವು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ನಾನು ಅಂಥ ಗುಮಾಸ್ತನೇ ಆಗಿದ್ದೆ.

ಆ ಪ್ರಶ್ನಾವಳಿಯ ನಕಲು ನನ್ನ ಕಡತದಲ್ಲಿ ಇನ್ನೂ ಇದೆ. ‘ಇಲ್ಲ’ ಎಂದು ಟಿಕ್ ಹಾಕಿದ್ದನ್ನು ತಿದ್ದಿಲ್ಲ. ಅಂದಿನ ಮಟ್ಟಿಗೆ ನನಗೆ ಗೊತ್ತಿದ್ದದ್ದು ಅಷ್ಟೆ, ಹಳೆಯ ಲೆಕ್ಕ ಹಾಗೆಯೇ ಇರಬೇಕು. ಮಗನಿಗೆ ಈಗ ಹನ್ನೆರಡು ದಾಟಿದೆ. ಕಾರುಗಳ ಜಾಗಕ್ಕೆ ರೈಲಿನ ವೇಳಾಪಟ್ಟಿ ಬಂದಿದೆ. ಸಂಜೆ ನಾನು ಮನೆಗೆ ಬಂದಾಗ ಅವನು ಅಡ್ಡಗೆರೆಯ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾನೆ. ಮೊದಲಾಗಿದ್ದರೆ ಅದು ಬೇಡ, ಇದು ಮಾಡು ಎನ್ನುತ್ತಿದ್ದೆ. ಈಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕೇಳುತ್ತೇನೆ: ‘ಇದು ಏನೋ ಮಗನೇ, ನನಗೆ ಗೊತ್ತಾಗಲಿಲ್ಲ.’ ಕೆಲವು ಸಲ ಹೇಳುತ್ತಾನೆ.